ಹದಿನಾಲ್ಕನೇ ನಂಬರಿನ ಬಾಗಿಲು

ನಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಪಡಸಾಲೆಯ ಕೊನೆಯಲ್ಲಿ, ಶೌಚಾಲಯದ ಕಡೆಗೆ ತಿರುಗುವ ಮೂಲೆಯಲ್ಲಿ, ಹದಿನಾಲ್ಕನೇ ನಂಬರಿನ ಕೊಠಡಿಯಿತ್ತು. ಬಾಗಿಲ ಮೇಲೆ ಕೆಂಪು ರಿಬ್ಬನ್ನಿನ ಚಿತ್ರದ ಫಲಕ. ಒಳಗೆ ಮುಂಭಾಗದಲ್ಲಿ ಕೌನ್ಸೆಲರ್ ಮೇಡಂ ಕೂರುತ್ತಿದ್ದರು. ಪರದೆಯ ಹಿಂದೆ ಒಂದು ಸೆಂಟ್ರಿಫ್ಯೂಜ್, ಒಂದು ಫ್ರಿಜ್ಜು, ಒಂದು ಸ್ಟೂಲು ಮತ್ತು ನಾನು. 2005ರಿಂದ 2021ರವರೆಗೆ ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಆ ಕೊಠಡಿಯನ್ನು ನಾನು ಸೇರಿದಾಗ ವಿಸಿಟಿಸಿ ಎನ್ನುತ್ತಿದ್ದರು, ಆಮೇಲೆ ಐಸಿಟಿಸಿ ಎಂದಾಯಿತು. ಊರಿನವರು ಮಾತ್ರ ಮೊದಲಿನಿಂದ ಕೊನೆಯವರೆಗೂ ‘ಆ ರೂಮು’ ಎಂದೇ ಕರೆದರು. ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬಾಗಲಕೋಟೆ ಜಿಲ್ಲೆಯದು ಎಂದಷ್ಟೇ ಹೇಳುತ್ತೇನೆ, ಏಕೆಂದರೆ ಮುಂದೆ ಬರುವ ಮನುಷ್ಯರನ್ನು ಗುರುತು ಹಿಡಿಯಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ಅವರ ವಯಸ್ಸು, ಕಸುಬುಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ.

ಸಂತೆಯ ದಿನ ನಮ್ಮ ಕೊಠಡಿಗೆ ಹೆಚ್ಚು ಜನ ಬರುತ್ತಿದ್ದರು. ಹಳ್ಳಿಯಿಂದ ಪೇಟೆಗೆ ಏಕೆ ಹೋಗಿದ್ದೆ ಎಂದು ಮನೆಯಲ್ಲಿ ಯಾರೂ ಕೇಳದ ದಿನ ಅದೊಂದೇ. ಕೈಚೀಲದಲ್ಲಿ ಮೆಣಸಿನಕಾಯಿ, ಬದನೆಕಾಯಿ ಇಟ್ಟುಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಎರಡು ಬಾರಿ ನಡೆದು, ಮೂರನೆಯ ಬಾರಿಗೆ ಬಾಗಿಲ ಹತ್ತಿರ ನಿಂತು, ಒಳಗೆ ಇಣುಕಿ, “ಸರ್ರ, ಇಲ್ಲಿ ಬಿಪಿ ನೋಡ್ತಾರೇನ್ರಿ?” ಎಂದು ಕೇಳುವ ಗಂಡಸರನ್ನು ನಾನು ನೂರಾರು ಸಲ ಕಂಡಿದ್ದೇನೆ. “ಇಲ್ಲ, ಬಿಪಿ ಆರನೇ ನಂಬರಿನಲ್ಲಿ” ಎಂದು ನಾನು ಕೈ ತೋರಿಸುತ್ತಿದ್ದೆ. ಅವರು ಆರನೇ ನಂಬರಿನ ಕಡೆಗೆ ಹೋಗದೆ ನೇರ ಗೇಟಿನ ಕಡೆಗೆ ನಡೆಯುತ್ತಿದ್ದರು. ಬಿಪಿಗೂ ಬಾಗಿಲ ಮೇಲಿನ ಕೆಂಪು ರಿಬ್ಬನ್ನಿಗೂ ಸಂಬಂಧವಿಲ್ಲ ಎಂಬುದು ಅವರಿಗೂ ಗೊತ್ತಿತ್ತೆಂದು ಅರ್ಥವಾಗಲು ನನಗೆ ಐದು ವರ್ಷ ಬೇಕಾಯಿತು.

ಎಚ್‌ಐವಿ ಪರೀಕ್ಷೆಯನ್ನು ಜನ ಮುಂದೂಡುವುದು ತಿಳಿವಳಿಕೆ ಇಲ್ಲದ ಕಾರಣಕ್ಕೆ ಎಂದು ನಮ್ಮ ತರಬೇತಿಗಳಲ್ಲಿ ಹೇಳಿಕೊಡುತ್ತಿದ್ದರು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ನನ್ನ ಅನುಭವದಲ್ಲಿ ಅತಿ ತಡವಾಗಿ ಬಂದವರಲ್ಲಿ ಬಹುಪಾಲು ಮಂದಿ ಅರ್ಧ ತಿಳಿದವರು. ತಮಗೆ ಇದ್ದರೂ ಇರಬಹುದು ಎಂಬ ಅನುಮಾನವನ್ನು ಮಡಿಲಲ್ಲಿ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದವರು. ಅವರು ಒಂದು ಲೆಕ್ಕ ಹಾಕಿದ್ದರು, ಮತ್ತು ಅವರು ನಿಂತ ಜಾಗದಲ್ಲಿ ನಿಂತು ನೋಡಿದರೆ ಆ ಲೆಕ್ಕ ಅಷ್ಟೇನೂ ತಪ್ಪಾಗಿರಲಿಲ್ಲ. ಒಬ್ಬ ಟ್ರ್ಯಾಕ್ಟರ್ ಚಾಲಕ ಅದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದ: “ಗೊತ್ತಾದ್ರ ಚಿಂತಿ ಸರ್ರ, ಗೊತ್ತಾಗಲಿಲ್ಲಂದ್ರ ಏನ್ ಚಿಂತಿ?”

ತಡವಾದದ್ದು ಎಷ್ಟು ಎಂಬುದನ್ನು ನಮಗೆ ಹೇಳುತ್ತಿದ್ದುದು ಸಿಡಿ4 ಚೀಟಿ. ಎಚ್‌ಐವಿ ವೈರಾಣು ಹೊಕ್ಕು ಕೆಡಿಸುವುದು ರಕ್ತದಲ್ಲಿ ದೇಹದ ಕಾವಲು ಕಾಯುವ ಈ ಸಿಡಿ4 ಕಣಗಳನ್ನೇ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ರಿಂದ 1500ರವರೆಗೆ ಇರುತ್ತವೆ. ಔಷಧಿ ಇಲ್ಲದಿದ್ದರೆ ಇವು ನಿಧಾನವಾಗಿ, ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಇಳಿಯುತ್ತ ಹೋಗುತ್ತವೆ. ಸೋಂಕು ತಗುಲಿದ ದಿನದಿಂದ ಏಡ್ಸ್ ಎನ್ನುವ ಹಂತ ಮುಟ್ಟುವುದಕ್ಕೆ ಸರಾಸರಿ ಎಂಟು ಹತ್ತು ವರ್ಷಗಳು ಹಿಡಿಯುತ್ತವೆ. ಹಾಗಾಗಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಿಂದ ಬಂದ ಚೀಟಿಯಲ್ಲಿ 38 ಎಂದು ಬರೆದಿದ್ದರೆ ನಾನು ಮನಸ್ಸಿನಲ್ಲೇ ಕ್ಯಾಲೆಂಡರನ್ನು ಹಿಂದಕ್ಕೆ ತಿರುವುತ್ತಿದ್ದೆ. ಈತನಿಗೆ ಸೋಂಕು ತಗುಲಿದಾಗ ಇವನ ಮದುವೆ ಆಗಿತ್ತೇ? ಮೊದಲನೆಯ ಮಗು ಹುಟ್ಟಿತ್ತೇ? ಆ ನಡುವೆ ಈತ ಎಷ್ಟು ವೈದ್ಯರ ಮುಂದೆ ಕುಳಿತಿದ್ದ?

ಆ ಕೊನೆಯ ಪ್ರಶ್ನೆಯನ್ನು ನಾನು ಬಹಳ ಸಲ ಬಾಯಿಬಿಟ್ಟೇ ಕೇಳಿದ್ದೇನೆ. ಉತ್ತರ ಹೆಚ್ಚುಕಡಿಮೆ ಒಂದೇ ತೆರನಾಗಿ ಇರುತ್ತಿತ್ತು. ಮೂರು ವರ್ಷದ ಹಿಂದೆ ಸರ್ಪಸುತ್ತು ಆಗಿತ್ತು. ಮೂವತ್ತು ಮೂವತ್ತೈದರ ಗಟ್ಟಿಮುಟ್ಟಾದ ಆಳಿಗೆ, ಬೆನ್ನಿನಿಂದ ಹೊಟ್ಟೆಯವರೆಗೆ ಒಂದೇ ಮಗ್ಗುಲಿಗೆ ಪಟ್ಟಿಯಂತೆ ಗುಳ್ಳೆ ಎದ್ದರೆ, ದೇಹದ ಕಾವಲು ಏಕೆ ಸಡಿಲಾಯಿತು ಎಂದು ಕೇಳಿಕೊಳ್ಳಬೇಕಾದ ಸಂದರ್ಭ ಅದು. ನಮ್ಮಲ್ಲಿ ಅದಕ್ಕೆ ಕೆಮ್ಮಣ್ಣು ಹಚ್ಚುತ್ತಾರೆ, ಮಂತ್ರ ಹಾಕಿಸುತ್ತಾರೆ, ಹಾವಿನ ಹೆಡೆ ಮತ್ತು ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಹೆದರಿ ನಾಗಪ್ಪನ ಕಟ್ಟೆಗೆ ಹಾಲೆರೆಯುತ್ತಾರೆ. ಎರಡು ಮೂರು ವಾರಕ್ಕೆ ಗುಳ್ಳೆಗಳು ತಮ್ಮಷ್ಟಕ್ಕೆ ಒಣಗುತ್ತವೆ. ಕೆಮ್ಮಣ್ಣಿಗೆ ಕೀರ್ತಿ ಬರುತ್ತದೆ, ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಕೆಮ್ಮಣ್ಣನ್ನು ನಾನು ದೂರುತ್ತಿಲ್ಲ. ಅದೇ ಮನುಷ್ಯ ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದಾಗಲೂ ಮುಲಾಮು ಬರೆದುಕೊಟ್ಟು ಕಳಿಸಿದ್ದರೇ ಹೊರತು ಎಚ್‌ಐವಿ ಪರೀಕ್ಷೆಯ ಮಾತನ್ನು ಎತ್ತಿರಲಿಲ್ಲ. ಅದಾದ ವರ್ಷ ತಿಂಗಳುಗಟ್ಟಲೆ ಭೇದಿ, ಅದಕ್ಕೆ ಸಲಾಯಿನ್ ಬಾಟಲಿ. ಆಮೇಲೆ ಬಾಯಲ್ಲಿ ಮೊಸರು ಹೆಪ್ಪುಗಟ್ಟಿದಂಥ ಬಿಳಿಪದರ, ಅದಕ್ಕೆ ಬಿ ಕಾಂಪ್ಲೆಕ್ಸ್ ಗುಳಿಗೆ. ಕೊನೆಗೆ ಕೆಮ್ಮು, ಕಫ ಪರೀಕ್ಷೆ, ಕ್ಷಯ. ಕ್ಷಯ ಎಂದು ಗೊತ್ತಾದವರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಿಸಬೇಕೆಂಬ ಸರ್ಕಾರಿ ನಿಯಮ ಇರುವುದರಿಂದಷ್ಟೇ ಆತ ನಮ್ಮ ಕೊಠಡಿಗೆ ಬಂದು ಮುಟ್ಟುತ್ತಿದ್ದ, ಅದೂ ಯಾರದೋ ತೋಳು ಹಿಡಿದುಕೊಂಡು.

ವೈದ್ಯರು ಏಕೆ ಕೇಳುವುದಿಲ್ಲ? ನಾನು ಕಂಡಂತೆ ಅವರಿಗೂ ಮುಜುಗರ. ಊರ ಗೌಡರ ಮಗನಿಗೆ, ಹೈಸ್ಕೂಲು ಮಾಸ್ತರರಿಗೆ, ಅರವತ್ತು ದಾಟಿದ ವಿಧವೆಗೆ “ಎಚ್‌ಐವಿ ಟೆಸ್ಟ್ ಒಂದು ಮಾಡಿಸಿ” ಎಂದು ಬರೆದುಕೊಟ್ಟರೆ, ತಮ್ಮ ನಡತೆಯನ್ನೇ ಅನುಮಾನಿಸಿದಿರಿ ಎಂದು ಅವರು ಸಿಟ್ಟಾಗಿ ಬೇರೆ ಡಾಕ್ಟರರ ಬಳಿ ಹೋಗುತ್ತಾರೆ. ಹೀಗಾಗಿ ಗೌರವಸ್ಥರು ಎನಿಸಿಕೊಂಡವರೇ ಹೆಚ್ಚು ತಡವಾಗಿ ಬರುತ್ತಿದ್ದರು. ಐವತ್ತೆಂಟರ ಒಬ್ಬ ವಿಧವೆ ಒಂದು ವರ್ಷ ಜ್ವರ ಹೊತ್ತು ತಿರುಗಿದ್ದರು. ಅವರ ಚೀಲದಲ್ಲಿ ಟೈಫಾಯ್ಡಿನದು, ಮಲೇರಿಯಾದ್ದು, ಥೈರಾಯ್ಡಿನದು, ಎರಡು ಸ್ಕ್ಯಾನಿಂಗು ಎಲ್ಲವೂ ಸೇರಿ ಒಂದು ಕಟ್ಟು ರಿಪೋರ್ಟು ಇತ್ತು. ನಮ್ಮಲ್ಲಿ ದುಡ್ಡಿಲ್ಲದೆ ಅರ್ಧ ಗಂಟೆಯಲ್ಲಿ ಆಗುವ ಪರೀಕ್ಷೆಯೊಂದು ಮಾತ್ರ ಅದರಲ್ಲಿರಲಿಲ್ಲ. ಅವರ ಗಂಡ ಏನಾಗಿ ತೀರಿಕೊಂಡರು ಎಂದು ಆ ವರ್ಷವಿಡೀ ಯಾರೊಬ್ಬರೂ ಕೇಳಿರಲಿಲ್ಲ.

ಇದರ ಎದುರಿಗೆ ದೇವದಾಸಿ ಹೆಣ್ಣುಮಕ್ಕಳನ್ನು ಇಡಿ. ಆ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕದಲ್ಲಿ ಕಾನೂನು ಬಂದದ್ದು 1982ರಲ್ಲಿ. ಹೋದದ್ದು ಯಾವಾಗ ಎಂಬುದು ಬೇರೆ ಮಾತು. ಲೈಂಗಿಕ ವೃತ್ತಿಯಲ್ಲಿದ್ದವರ ನಡುವೆ ಸಂಘಟನೆಗಳು ಕೆಲಸ ಮಾಡುತ್ತಿದ್ದುದರಿಂದ ಅವರು ಆರು ತಿಂಗಳಿಗೊಮ್ಮೆ ಗುಂಪಾಗಿ ಬಂದು, ನಗುತ್ತ, ನನ್ನ ಸೂಜಿಯನ್ನು ಬೈಯುತ್ತ ರಕ್ತ ಕೊಟ್ಟು ಹೋಗುತ್ತಿದ್ದರು. ಅವರಲ್ಲಿ ಯಾರಿಗಾದರೂ ಸೋಂಕು ಬಂದರೆ ಬೇಗನೆ ತಿಳಿಯುತ್ತಿತ್ತು. ‘ಹೆಚ್ಚು ಅಪಾಯದ ಗುಂಪು’ ಎಂದು ಕಾರ್ಯಕ್ರಮದ ಕಾಗದಗಳಲ್ಲಿ ಕರೆದದ್ದರಿಂದ ಆ ಗುಂಪಿಗೆ ಉಪಕಾರವೇ ಆಯಿತು. ಆದರೆ ಆ ಹೆಸರು ಊರಲ್ಲಿ ಬೇರೆಯೇ ಕೆಲಸ ಮಾಡಿತು: ಆ ಗುಂಪಿಗೆ ಸೇರದವರೆಲ್ಲ ತಾವು ಅಪಾಯದ ಹೊರಗಿದ್ದೇವೆ ಎಂದುಕೊಂಡರು. ಕಬ್ಬು ಕಡಿಯಲು ಹೋದವರು, ಗೋವಾದಲ್ಲಿ ಕಟ್ಟಡದ ಕೆಲಸ ಮಾಡಿ ಬಂದವರು, ಮುಂಬಯಿ ಲಾರಿಯ ಕ್ಲೀನರು, ಇವರೆಲ್ಲರ ಹೆಂಡಂದಿರು, ಯಾರೂ ತಮ್ಮನ್ನು ಯಾವ ಗುಂಪಿಗೂ ಸೇರಿಸಿಕೊಳ್ಳಲಿಲ್ಲ.

ಹೆಂಡಂದಿರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಸುರಿಯರು ಮೊದಲ ತಪಾಸಣೆಗೆ ಬಂದಾಗ ಹಿಮೋಗ್ಲೋಬಿನ್, ಸಕ್ಕರೆಯ ಜೊತೆಗೆ ಎಚ್‌ಐವಿಯನ್ನೂ ನೋಡುತ್ತೇವೆ. ತಾಯಿಯಲ್ಲಿ ಸೋಂಕು ಇದ್ದು ಏನೂ ಮಾಡದಿದ್ದರೆ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ಬೇಗ ತಿಳಿದು ಔಷಧಿ ಕೊಟ್ಟರೆ ಅದು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಹೀಗಾಗಿ ಪರೀಕ್ಷೆ ಒಳ್ಳೆಯದೇ. ಆದರೆ ಇದರಿಂದ ಮನೆಯೊಳಗೆ ಆಗುತ್ತಿದ್ದುದು ಇಷ್ಟು: ಗಂಡನಿಗೆ ಏಳೆಂಟು ವರ್ಷದಿಂದ ಇದ್ದ ಸೋಂಕು ಮೊದಲು ಹೆಂಡತಿಯ ಹೆಸರಿನಲ್ಲಿ ಕಾಗದಕ್ಕೆ ಬರುತ್ತಿತ್ತು. ಕಾಗದದಲ್ಲಿ ಮೊದಲು ಹೆಸರು ಬಂದವಳೇ ಅದನ್ನು ಮನೆಗೆ ತಂದವಳು ಎಂದು ಅತ್ತೆ, ಭಾವ, ಓಣಿಯವರು ತೀರ್ಪು ಕೊಡುತ್ತಿದ್ದರು. ಗಂಡನನ್ನು ಕರೆದುಕೊಂಡು ಬಾ ಎಂದು ಕೌನ್ಸೆಲರ್ ಮೇಡಂ ಹೇಳಿದರೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅವರು ಬರಂಗಿಲ್ರಿ ಅಕ್ಕಾರ” ಎನ್ನುತ್ತಿದ್ದಳು. ಅವನು ಬರುತ್ತಿರಲಿಲ್ಲ. ಬಂದರೆ ತೀರ್ಪು ತಿರುಗುತ್ತದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು.

ಇದೇ ಪರೀಕ್ಷೆಯನ್ನು ಇನ್ನೊಂದು ಬಗೆಯಲ್ಲಿ ಬಳಸಿಕೊಳ್ಳುವವರೂ ಇದ್ದರು. “ನನ್ನ ಹೆಂಡ್ತಿದು ಬಸರಿದ್ದಾಗ ಚೆಕ್ ಮಾಡ್ಯಾರ್ರಿ, ಏನೂ ಇಲ್ಲಂದಾರ. ಅಂದಮ್ಯಾಲ ನಂದೂ ಏನ್ ಇರೂದಿಲ್ಲಲ್ರಿ?” ಈ ತರ್ಕವನ್ನು ನಾನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಒಂದೇ ಹಾಸಿಗೆಯ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕು ಇರುವ ಜೋಡಿಗಳು ಬೇಕಾದಷ್ಟಿವೆ. ಪ್ರತಿ ಸಲವೂ ಸೋಂಕು ದಾಟಿಯೇ ತೀರುತ್ತದೆ ಎಂಬುದಿಲ್ಲ. ಹೆಂಡತಿಯ ರಕ್ತ ಹೆಂಡತಿಯ ಸಂಗತಿಯನ್ನಷ್ಟೇ ಹೇಳುತ್ತದೆ. ಆದರೂ ಅವಳ ನೆಗೆಟಿವ್ ಚೀಟಿಯನ್ನು ತನ್ನದೆಂದು ಬಗೆದು ಹತ್ತು ವರ್ಷ ನಿಶ್ಚಿಂತೆಯಾಗಿ ಇದ್ದವರನ್ನು ನಾನು ಬಲ್ಲೆ. ಬ್ಲಡ್ ಬ್ಯಾಂಕಿಗೆ ರಕ್ತ ಕೊಟ್ಟು, ಅವರೇನೂ ಫೋನ್ ಮಾಡಲಿಲ್ಲವಾದ್ದರಿಂದ ತನಗೇನೂ ಇಲ್ಲ ಎಂದುಕೊಳ್ಳುವುದು ಇದರ ಇನ್ನೊಂದು ರೂಪ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗದಿರುವ ಅವಧಿಯೊಂದು ಇರುವುದರಿಂದ, ತನ್ನ ಅನುಮಾನವನ್ನು ಪರಿಹರಿಸಿಕೊಳ್ಳಲು ರಕ್ತದಾನಕ್ಕೆ ಹೋಗುವವನು ಇನ್ನೊಬ್ಬರ ಜೀವದ ಮೇಲೆ ಪಣ ಕಟ್ಟುತ್ತಾನೆ ಎಂದು ನಾನು ಹೇಳಿದಾಗ ಕೆಲವರು ನಿಜವಾಗಿಯೂ ಬೆಚ್ಚಿದ್ದಾರೆ.

ಭಯದ ವಿಷಯಕ್ಕೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದ ಗೋಡೆಬರಹಗಳು ಇನ್ನೂ ನನ್ನ ಕಣ್ಣಮುಂದಿವೆ: ತಲೆಬುರುಡೆ, ಅಡ್ಡ ಎಲುಬು, ಕಪ್ಪು ಬಣ್ಣದಲ್ಲಿ ‘ಏಡ್ಸ್ ಮಾರಕ, ಔಷಧಿ ಇಲ್ಲ’ ಎಂಬ ಸಾಲು. ಬಸ್ ನಿಲ್ದಾಣದಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ಶಾಲೆಯ ಕಾಂಪೌಂಡಿನ ಮೇಲೆ. ಬರೆಸಿದವರ ಉದ್ದೇಶ ಒಳ್ಳೆಯದೇ. ಆದರೆ ಔಷಧಿಯೇ ಇಲ್ಲದ ಕಾಯಿಲೆಯನ್ನು ಹಣೆಯ ಮೇಲೆ ಬರೆಸಿಕೊಳ್ಳಲು ಯಾರು ತಾನೇ ಸಾಲಿನಲ್ಲಿ ನಿಲ್ಲುತ್ತಾರೆ? ಸರ್ಕಾರ ಉಚಿತವಾಗಿ ಎಆರ್‌ಟಿ ಔಷಧಿ ಕೊಡಲು ತೊಡಗಿದ್ದು 2004ರ ಏಪ್ರಿಲ್ 1ರಂದು. ಗೋಡೆಯ ಮೇಲಿನ ಬುರುಡೆಗಳು ಅದಾದ ಮೇಲೂ ವರ್ಷಗಟ್ಟಲೆ ಹಾಗೇ ಇದ್ದವು. ಸುಣ್ಣ ಬಳಿಯಲು ಯಾರಿಗೂ ಆದೇಶ ಬಂದಿರಲಿಲ್ಲ.

ಭಯಕ್ಕೆ ಗೋಡೆಬರಹಕ್ಕಿಂತ ಹಳೆಯ ಬೇರುಗಳೂ ಇವೆ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ಮಾದರಿಗಳಲ್ಲಿ. ಅದಾಗಿ ಮೂರು ವರ್ಷಕ್ಕೆ, 1989ರಲ್ಲಿ, ಗೋವಾದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಹಿಡಿದುಕೊಂಡು ಹೋದರು. ಆತ ರಕ್ತದಾನ ಮಾಡಿದ್ದ, ಆ ರಕ್ತದಲ್ಲಿ ಎಚ್‌ಐವಿ ಕಂಡಿತ್ತು, ಅಷ್ಟೇ ಆತನ ಅಪರಾಧ. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯ ಅಡಿಯಲ್ಲಿ ಆತನನ್ನು ಹಳೆಯ ಕ್ಷಯ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. ನಮ್ಮ ಕಡೆಯ ಕೂಲಿಕಾರರು ತಲೆಮಾರುಗಳಿಂದ ಗೋವಾಕ್ಕೆ ಹೋಗಿ ಬರುವವರು. ಡಿಸೋಜಾರ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಆದರೆ “ಟೆಸ್ಟಿನ್ಯಾಗ ಬಂತಂದ್ರ ಪೊಲೀಸ್ರು ಒಯ್ತಾರಂತಲ್ರಿ” ಎಂಬ ಮಾತನ್ನು ನಾನು 2006ರಲ್ಲೂ ಕೇಳಿದ್ದೇನೆ, ಮತ್ತು ಅದು ಎಲ್ಲಿಂದ ಹೊರಟು ನಮ್ಮ ಪಡಸಾಲೆಗೆ ಬಂದಿರಬಹುದು ಎಂದು ಯೋಚಿಸಿದ್ದೇನೆ.

ಬೇಗ ಬಂದವರಿಗೆ ನಾವೇನು ಕೊಟ್ಟೆವು ಎಂಬುದನ್ನೂ ಪ್ರಾಮಾಣಿಕವಾಗಿ ಬರೆಯಬೇಕು, ಏಕೆಂದರೆ ಈ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ಮೊದಲ ವರ್ಷಗಳಲ್ಲಿ ಎಆರ್‌ಟಿ ಆರಂಭಿಸಲು ಸಿಡಿ4 200ಕ್ಕಿಂತ ಕೆಳಗಿರಬೇಕಿತ್ತು. ಮುಂದೆ ಅದು 350 ಆಯಿತು, ಆಮೇಲೆ 500. ಔಷಧಿ ಕಡಿಮೆಯಿದ್ದ ಕಾಲದಲ್ಲಿ ಹೆಚ್ಚು ಕಾಯಿಲೆಯವರಿಗೆ ಮೊದಲು ಎಂಬ ನಿಯಮ ನ್ಯಾಯವಾದದ್ದೇ. ಆದರೆ ಒಬ್ಬ ಇಪ್ಪತ್ತಾರರ ಹುಡುಗ, ಧೈರ್ಯ ಮಾಡಿ, ತಾನಾಗಿಯೇ ಬಂದು, ಪಾಸಿಟಿವ್ ಎಂದು ತಿಳಿದು, ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರದ ಎಆರ್‌ಟಿಗೆ ಹೋದರೆ ಅಲ್ಲಿ, “ನಿನ್ನ ಸಿಡಿ4 612 ಇದೆ, ಈಗ ಗುಳಿಗೆ ಬೇಡ, ಆರು ತಿಂಗಳು ಬಿಟ್ಟು ಬಾ” ಎಂದು ಕಳಿಸುತ್ತಿದ್ದರು. ಅವನು ಮರಳಿ ನನ್ನ ಮುಂದೆ ನಿಂತು, “ಗುಳಿಗಿ ಕೊಡಂಗಿಲ್ಲ ಅಂದ್ರ ಯಾಕ್ ಕರದ್ರಿ ಸರ್ರ? ಗೊತ್ತು ಮಾಡಿ ಏನ್ ಮಾಡಿದ್ರಿ?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವನು ಆರು ತಿಂಗಳಿಗೆ ಬರಲಿಲ್ಲ. ನಾಲ್ಕು ವರ್ಷ ಬಿಟ್ಟು ಬಂದ; ಅಣ್ಣ ಬೆನ್ನ ಮೇಲೆ ಹೊತ್ತು ತಂದಿದ್ದ. ಇಂಥವನನ್ನು ‘ತಡವಾಗಿ ಬಂದವನು’ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಸರಿಯೇ?

ಬೇಗ ಆರಂಭಿಸಿದರೆ ಒಳಿತು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 2015ರಲ್ಲಿ. 35 ದೇಶಗಳಲ್ಲಿ 4,685 ಮಂದಿಯ ಮೇಲೆ ನಡೆದ ಸ್ಟಾರ್ಟ್ ಅಧ್ಯಯನದಲ್ಲಿ, ಸಿಡಿ4 ಇಳಿಯುವುದನ್ನು ಕಾಯದೆ ತಕ್ಷಣ ಔಷಧಿ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವಿನ ಸಂಭವ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಭಾರತದಲ್ಲಿ 2017ರಲ್ಲಿ ಸಿಡಿ4 ಗೆರೆಯನ್ನೇ ಅಳಿಸಿದರು: ಪಾಸಿಟಿವ್ ಎಂದಾದರೆ ಎಣಿಕೆ ಎಷ್ಟೇ ಇರಲಿ, ಔಷಧಿ. ಈಗ ಬಹುಪಾಲು ಮಂದಿಗೆ ದಿನಕ್ಕೆ ಒಂದೇ ಗುಳಿಗೆ. ಅದನ್ನು ತಪ್ಪದೆ ನುಂಗಿ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಾಣುವಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಇದನ್ನು ಯಾವ ಗೋಡೆಯ ಮೇಲಾದರೂ ಬುರುಡೆಯಷ್ಟೇ ದೊಡ್ಡದಾಗಿ ಬರೆಸಿದ್ದನ್ನು ನಾನಂತೂ ನೋಡಿಲ್ಲ. ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 25 ಲಕ್ಷ ಎಂಬುದು ಸರ್ಕಾರದ ಅಂದಾಜು. ಅವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ತಮ್ಮ ಸ್ಥಿತಿ ಗೊತ್ತಿಲ್ಲ. ಆ ಐದನೆಯವರ ಕಿವಿಯಲ್ಲಿ ಇನ್ನೂ ಹಳೆಯ ಗೋಡೆಯ ಮಾತೇ ಇದೆ ಎಂಬುದು ನನ್ನ ಗುಮಾನಿ.

ಇನ್ನು ಗುಟ್ಟಿನ ಮಾತು. ನಮ್ಮ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು, ಬೀಗ ಹಾಕುವ ಕಪಾಟು, ಒಪ್ಪಿಗೆಯ ಸಹಿ, ಎಲ್ಲವೂ ಇತ್ತು. ಕಾಗದದಿಂದ ಗುಟ್ಟು ಸೋರುತ್ತಿರಲಿಲ್ಲ. ಸೋರುತ್ತಿದ್ದುದು ಪಡಸಾಲೆಯಿಂದ. ಆಸ್ಪತ್ರೆಯ ಆಯಾ ಒಬ್ಬಳು ಅದೇ ಓಣಿಯವಳು. ಚೀಟಿ ಬರೆಯುವವನು ಸೋದರಮಾವನ ಗೆಳೆಯ. ಆದ್ದರಿಂದಲೇ ನಮ್ಮ ಕಡೆಯವರು ಮಿರಜಕ್ಕೆ ಹೋಗುತ್ತಿದ್ದರು, ಸೊಲ್ಲಾಪುರಕ್ಕೆ, ಬೆಳಗಾವಿಗೆ ಹೋಗುತ್ತಿದ್ದರು. ನಾವು ಪುಕ್ಕಟೆಯಾಗಿ ಮಾಡುವ ಪರೀಕ್ಷೆಗೆ ಬಸ್ಸಿನ ಖರ್ಚು, ಊಟ, ಲ್ಯಾಬಿನ ಫೀಸು, ಎರಡು ದಿನದ ಕೂಲಿ ಕಳೆದುಕೊಂಡು ಗುರುತಿಲ್ಲದವನ ಮುಂದೆ ತೋಳು ಚಾಚುತ್ತಿದ್ದರು. ಅಷ್ಟು ಹಣ ಕೂಡುವವರೆಗೆ ಪರೀಕ್ಷೆ ಮುಂದಕ್ಕೆ ಹೋಗುತ್ತಿತ್ತು. ಗುಟ್ಟು ಒಡೆದರೆ ಆಗುವುದನ್ನೂ ಅವರು ಕಂಡವರೇ: ಹರ್ನಿಯಾದ ಆಪರೇಷನ್ನಿಗೆಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದ್ದ ಒಬ್ಬನಿಗೆ ಕೇಳದೆ ರಕ್ತ ಪರೀಕ್ಷೆ ಮಾಡಿ, ಫಲಿತಾಂಶವನ್ನು ಬಾಗಿಲಲ್ಲಿ ನಿಂತಿದ್ದ ಭಾವಮೈದುನನಿಗೆ ಹೇಳಿ, ಅದೇ ಸಂಜೆ ಡಿಸ್ಚಾರ್ಜ್ ಮಾಡಿದ್ದರು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಸೋಂಕಿದೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಅವನ ಪ್ರಕರಣ ಅದಕ್ಕೂ ಹಿಂದಿನದು. ಅವನು ಎಆರ್‌ಟಿಗೆ ಹೆಸರು ಹಚ್ಚಲು ಮತ್ತೂ ಎರಡು ವರ್ಷ ತೆಗೆದುಕೊಂಡ. ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಎಂಬ ಒಂದೇ ಪದ ಹೇಳಿಸಿಕೊಂಡು, ಏಕೆಂದು ಕೇಳಲು ಧೈರ್ಯವಿಲ್ಲದೆ ಮರಳಿದ ಇಬ್ಬರನ್ನೂ ನಾನು ಬಲ್ಲೆ.

ಇಷ್ಟನ್ನೆಲ್ಲ ನಾನು ಬೇರೆಯವರ ಮಾತೆಂಬಂತೆ ಬರೆಯುತ್ತ ಬಂದೆ. ನನ್ನದನ್ನೂ ಹೇಳಿಬಿಡುತ್ತೇನೆ.

2010ರ ಒಂದು ಮಧ್ಯಾಹ್ನ, ಒಬ್ಬರ ರಕ್ತ ತೆಗೆದು ಸೂಜಿಯನ್ನು ಕತ್ತರಿಸುವ ಡಬ್ಬಿಗೆ ಹಾಕುವ ಮೊದಲು, ವಿದ್ಯುತ್ ಹೋಯಿತು. ಅಭ್ಯಾಸಬಲದಿಂದ ಸೂಜಿಗೆ ಮುಚ್ಚಳ ಹಾಕಲು ಹೋದೆ. ಮಾಡಬಾರದೆಂದು ನಾನೇ ನಾಲ್ಕು ಮಂದಿಗೆ ಕಲಿಸಿದ ಕೆಲಸ. ಎಡಗೈಯ ತೋರುಬೆರಳಿನ ಕೈಗವಸಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು. ಆ ಮಾದರಿ ಮೂರೂ ಕಿಟ್‌ಗಳಲ್ಲಿ ಪಾಸಿಟಿವ್ ಬಂತು. ನಿಯಮದಂತೆ ಎರಡು ಗಂಟೆಯೊಳಗೆ ಔಷಧಿ ನುಂಗಿದೆ, ಅದೇ ದಿನದ ನನ್ನ ರಕ್ತ ನೆಗೆಟಿವ್ ಎಂದು ದಾಖಲಾಯಿತು, 28 ದಿನ ಎರಡು ಹೊತ್ತೂ ಗುಳಿಗೆ ತೆಗೆದುಕೊಂಡೆ. ವಾಕರಿಕೆ ಬರುತ್ತಿತ್ತು. ಮನೆಯಲ್ಲಿ ಗ್ಯಾಸ್ಟ್ರಿಕ್ ಎಂದೆ. ಬೇರೆ ಹಾಸಿಗೆಗೆ ಬೆನ್ನುನೋವಿನ ನೆಪ ಹೇಳಿದೆ. ಇಂಥ ಚುಚ್ಚುಗಾಯದಿಂದ ಸೋಂಕು ತಗುಲುವ ಸಂಭವ ಸಾವಿರಕ್ಕೆ ಮೂರರಷ್ಟು, ಔಷಧಿ ತೆಗೆದುಕೊಂಡರೆ ಅದಕ್ಕಿಂತಲೂ ಬಹಳ ಕಡಿಮೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಆರು ವಾರಕ್ಕೆ ಮತ್ತೆ ರಕ್ತ ನೋಡಬೇಕಿತ್ತು. ನೋಡಿಸಲಿಲ್ಲ. ಕೆಲಸ ಬಹಳ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ತಿಂಗಳಾಯಿತು, ನಾಲ್ಕಾಯಿತು. ದಿನಕ್ಕೆ ಮೂವತ್ತು ನಲವತ್ತು ಮಂದಿಗೆ “ಏನೂ ಆಗಂಗಿಲ್ಲ, ಒಂದ್ ಹನಿ ರಕ್ತ, ಅರ್ಧ ತಾಸು” ಎನ್ನುತ್ತಿದ್ದವನು, ಕಿಟ್‌ಗಳ ಪೆಟ್ಟಿಗೆಯನ್ನೇ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದವನು, ನನ್ನ ತೋಳಿಗೆ ಪಟ್ಟಿ ಬಿಗಿಯಲಾರದೆ ಹೋದೆ. ರಿಜಿಸ್ಟರಿನಲ್ಲಿ ನನ್ನ ಸಾಲನ್ನು ಕೌನ್ಸೆಲರ್ ಮೇಡಂ ಓದುತ್ತಾರೆ, ತಿಂಗಳ ವರದಿ ನೋಡುವ ಮೇಲ್ವಿಚಾರಕರು ಓದುತ್ತಾರೆ. ಅಕಸ್ಮಾತ್ ಬಂದರೆ, ಸೂಜಿ ಚುಚ್ಚಿತ್ತು ಎಂಬುದನ್ನು ಯಾರು ನಂಬುತ್ತಾರೆ? ಓಣಿಯಲ್ಲಿ ‘ಸೂಜಿ ಚುಚ್ಚಿತ್ತಂತ’ ಎಂಬ ಮಾತಿಗೆ ಜನ ಹೇಗೆ ನಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೆಂಡತಿಗೆ ಈವರೆಗೆ ಹೇಳಿದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಬಿಚ್ಚಬೇಕಾಗುತ್ತದೆ. ಗೊತ್ತಾಗದ ತನಕ, ಟ್ರ್ಯಾಕ್ಟರ್ ಚಾಲಕ ಹೇಳಿದಂತೆ, ಏನು ಚಿಂತೆ?

ಐದನೆಯ ತಿಂಗಳಲ್ಲಿ ಒಂದು ಸೋಮವಾರ ರಜೆ ಹಾಕಿ, ಬೆಳಗಿನ ಬಸ್ಸಿಗೆ ಬೇರೆ ಜಿಲ್ಲೆಯ ಒಂದು ಊರಿಗೆ ಹೋದೆ. ಅಲ್ಲಿಯೂ ಐಸಿಟಿಸಿ ಪಡಸಾಲೆಯ ಕೊನೆಯಲ್ಲೇ ಇತ್ತು. ನಾನು ಎರಡು ಬಾರಿ ಅದರ ಮುಂದೆ ನಡೆದುಹೋದೆ. ಮೂರನೆಯ ಬಾರಿ ಬಾಗಿಲಲ್ಲಿ ನಿಂತಾಗ ಒಳಗಿದ್ದ ಹುಡುಗ ತಲೆಯೆತ್ತಿ, “ಏನ್ ಬೇಕಾಗಿತ್ರಿ?” ಎಂದ. ನನ್ನ ಬಾಯಿಂದ ಬಂದ ಮಾತು: “ಇಲ್ಲಿ ಶುಗರ್ ನೋಡ್ತಾರೇನ್ರಿ?”

ಆ ಹುಡುಗ ನನ್ನಂತೆ ಕೈ ತೋರಿಸಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿ, “ಕೂಡ್ರಿ, ಮೊದ್ಲ ನೀರ್ ಕುಡೀರಿ” ಎಂದ. ಕುಳಿತೆ. ಸುಳ್ಳು ಹೆಸರು ಕೊಟ್ಟೆ, ಕಸುಬು ಒಕ್ಕಲುತನ ಎಂದೆ. ರಕ್ತ ತೆಗೆಯುವಾಗ ಅವನು ಹೇಳುವ ಮೊದಲೇ ನಾನು ಮುಷ್ಟಿ ಬಿಗಿ ಹಿಡಿದು, ಸೂಜಿ ಒಳಗೆ ಹೋದೊಡನೆ ಸಡಿಲಿಸಿ, ತೆಗೆದ ಮೇಲೆ ಹತ್ತಿಯನ್ನು ಒತ್ತಿ ಹಿಡಿದು ತೋಳನ್ನು ಮಡಚದೆ ನೇರ ಇಟ್ಟುಕೊಂಡೆ. ಒಕ್ಕಲಿಗರು ಹಾಗೆ ಮಾಡುವುದಿಲ್ಲ. ಅವನಿಗೆ ಗೊತ್ತಾಗಿರಬೇಕು, ಏನೂ ಕೇಳಲಿಲ್ಲ. ಅವನದು ಬಾಚಣಿಗೆಯಂತಿರುವ ಕಿಟ್. ಹಲ್ಲುಗಳನ್ನು ಗುಳಿಗಳಲ್ಲಿ ಅದ್ದಿ, ತೊಳೆದು, ಮತ್ತೆ ಅದ್ದಿ, ಒಣಗಲು ಇಡುವುದನ್ನು ಪರದೆಯ ಸಂದಿಯಿಂದ ನೋಡುತ್ತ ಕುಳಿತೆ. ಮೇಲಿನ ಚುಕ್ಕೆ ಕಂಡರೆ ಕಿಟ್ ಸರಿಯಿದೆ ಎಂದರ್ಥ. ಅದರ ಕೆಳಗೆ ಇನ್ನೊಂದು ಮೂಡಿದರೆ ಮಾತ್ರ ಮುಂದಿನ ಕಿಟ್. ಹತ್ತು ಸಾವಿರ ಸಲ ನಾನೇ ಮಾಡಿದ ಕೆಲಸ ಅದು, ಆದರೆ ಆ ಅರ್ಧ ಗಂಟೆ ಎಷ್ಟು ಉದ್ದ ಎಂಬುದನ್ನು ಅಂದಿನವರೆಗೆ ಗಡಿಯಾರದಲ್ಲಿ ಮಾತ್ರ ನೋಡಿದ್ದೆ. ಒಂದೇ ಚುಕ್ಕೆ ಮೂಡಿತು. ಅವರು ಕರೆಯುವ ಮೊದಲೇ ನನಗೆ ಗೊತ್ತಾಯಿತು. ಆದರೂ ಕುಳಿತೇ ಇದ್ದೆ, ಅವರ ಕೌನ್ಸೆಲರ್ ಕರೆದು ಬಾಯಲ್ಲಿ ಹೇಳುವವರೆಗೆ.

ಬುಧವಾರ ಕೆಲಸಕ್ಕೆ ಹೋದವನು ಮೊದಲು ಮಾಡಿದ್ದು, ಹೆರಿಗೆ ವಾರ್ಡಿನಲ್ಲಿ ಪಟ್ಟಿ ಹರಿದು ಮೂಲೆಗೆ ಬಿದ್ದಿದ್ದ ಹಳೆಯ ಬಿಪಿ ಯಂತ್ರವೊಂದನ್ನು ಸಿಸ್ಟರ್ ಅವರನ್ನು ಕೇಳಿ ತಂದು, ಹೊಲಿಸಿ, ನನ್ನ ಮೇಜಿನ ಮೇಲೆ ಬಾಗಿಲಿಗೆ ಕಾಣುವಂತೆ ಇಟ್ಟದ್ದು. ಆ ವಾರದ ಸಂತೆಯ ದಿನ ಒಬ್ಬ ಬಂದು ಬಿಪಿ ನೋಡುತ್ತಾರೆಯೇ ಎಂದು ಕೇಳಿದ. “ನೋಡ್ತೀವಿ, ಬರ್ರಿ” ಎಂದೆ. ನೋಡಿದೆ, 130 ಮೇಲೆ 84 ಇತ್ತು. ಅವನು ತೋಳು ಸರಿಪಡಿಸಿಕೊಂಡು, ಚೀಲ ಎತ್ತಿಕೊಂಡು, ಧನ್ಯವಾದ ಹೇಳಿ ಹೊರಟುಹೋದ. ಮುಂದಿನ ಸಂತೆಗೆ ಮತ್ತೆ ಬಂದ, ಮತ್ತೆ ಬಿಪಿ ನೋಡಿಸಿಕೊಂಡ. ಮೂರನೆಯ ಸಂತೆಗೆ ಪಟ್ಟಿ ಬಿಚ್ಚುತ್ತಿರುವಾಗ, ನನ್ನ ಮುಖ ನೋಡದೆ, “ಇನ್ನೊಂದು ಟೆಸ್ಟ್ ಮಾಡ್ತೀರಂತಲ್ರಿ ಇಲ್ಲಿ” ಎಂದ.